ಅಘನಾಶಿನಿ ಅಳಿವೆಯಲ್ಲಿ ನಿಧಾನ ದೋಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ಸುತ್ತುವುದು ನನಗೆ ಹಲವು ವರ್ಷಗಳ ಅಭ್ಯಾಸ. ಹೋಗಿ ಬಂದಾಗಲೆಲ್ಲ ನೆಂಟರು, ಗೆಳೆಯರು, ಎಲ್ಲಿಂದಲೋ ಬರೆದು ವಿಚಾರಿಸುವವರು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅವರ ಮಾತಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಮೊದಲ ಸಲ ಬರುವವರು ಕೇಳುವುದು

ಅಳಿವೆ ಅಂದ್ರೆ ನದಿನಾ, ಸಮುದ್ರನಾ?

ದಿನಕ್ಕೆ ಎರಡು ಸಲ ನದಿ, ಎರಡು ಸಲ ಸಮುದ್ರ. ಉಬ್ಬರ ಬಂದಾಗ ಕಡಲ ನೀರು ನದಿಯೊಳಗೆ ಏರುತ್ತದೆ. ಇಳಿತಕ್ಕೆ ಅದೇ ನೀರು ನದಿನೀರಿನ ಜೊತೆ ಹೊರಗೆ ಹೋಗುತ್ತದೆ. ಉಪ್ಪು ಮತ್ತು ಸಿಹಿ ಹೀಗೆ ಬೆರೆಯುವ ಜಾಗವೇ ಅಳಿವೆ. ಅಘನಾಶಿನಿ ಶಿರಸಿ ಕಡೆ ಹುಟ್ಟುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು, ಒಟ್ಟು ಸುಮಾರು 120 ಕಿ.ಮೀ. ಹರಿದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಕಡಲು ಸೇರುತ್ತದೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬೆಂಗ್ರೆ, ಕೋಡಿ, ಕುದ್ರು, ಕುರ್ವೆ ಅಂತೆಲ್ಲ ಕೇಳ್ತೀವಿ. ಎಲ್ಲಾ ಒಂದೇನಾ?

ಬೇರೆ ಬೇರೆ. ಕಡಲಿಗೂ ನದಿಗೂ ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ ಬೆಂಗ್ರೆ. ಅದು ಚೂಪಾಗಿ ಮುಗಿಯುವ ತುದಿ ಕೋಡಿ. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ನಿಂತರೆ ಎರಡೂ ಮಾತಿನ ಅರ್ಥ ಒಟ್ಟಿಗೇ ಆಗುತ್ತದೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೀತಾ–ಸುವರ್ಣಾ ನದಿಗಳ ನೀರು, ನಡುವೆ ಒಂದು ರಸ್ತೆ, ಒಂದಷ್ಟು ಮನೆ, ತೆಂಗಿನ ಮರ.

ನದಿಯೊಳಗೇ ಇರುವ ದ್ವೀಪಕ್ಕೆ ಕುಂದಾಪುರ, ಉಡುಪಿ, ಮಂಗಳೂರು ಕಡೆ ಕುದ್ರು ಅನ್ನುತ್ತಾರೆ. ಉತ್ತರ ಕನ್ನಡದಲ್ಲಿ ಅದೇ ಕುರ್ವೆ. ಅಘನಾಶಿನಿಯಲ್ಲಿ ಐಗಳಕುರ್ವೆ ಇದೆ, ಹೊನ್ನಾವರದ ಶರಾವತಿಯಲ್ಲಿ ಮಾವಿನಕುರ್ವೆ ಇದೆ.

ಬೆಂಗ್ರೆ ಹುಟ್ಟುವುದು ಹೀಗೆ. ಅಲೆಗಳು ದಡಕ್ಕೆ ಓರೆಯಾಗಿ ಬಡಿಯುತ್ತವೆ, ಮರಳನ್ನು ದಡದುದ್ದಕ್ಕೂ ತಳ್ಳುತ್ತವೆ. ನದಿಬಾಯಿಯ ಹತ್ತಿರ ಆ ಮರಳು ನಾಲಿಗೆಯ ಹಾಗೆ ಮುಂದಕ್ಕೆ ಬೆಳೆಯುತ್ತದೆ. ನದಿಗೆ ನೇರ ಹೋಗಲು ಜಾಗ ಇರಲ್ಲ, ಕಡಲ ಪಕ್ಕಕ್ಕೇ ತಿರುಗಿ ಹರಿಯುತ್ತದೆ. ಬೆಂಗ್ರೆಯ ಹೊರಗೆ ಅಲೆ ಎಷ್ಟೇ ಎದ್ದರೂ ಒಳಗೆ ಸಣ್ಣ ದೋಣಿ ಆರಾಮಾಗಿ ತೇಲುತ್ತದೆ.

ಯಾವ ತಿಂಗಳು ಒಳ್ಳೇದು?

ನವೆಂಬರ್‌ನಿಂದ ಫೆಬ್ರವರಿ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ದೋಣಿಯಲ್ಲಿರಿ. ಹನ್ನೊಂದು, ಹನ್ನೆರಡರ ಹೊತ್ತಿಗೆ ಕಡಲ ಗಾಳಿ ಎದ್ದರೆ ಹುಟ್ಟು ಹಾಕುವ ಕೈಗೆ ಕೆಲಸ ಎರಡರಷ್ಟಾಗುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ. ನದಿ ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತು ಬರುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ.

ನಂಗೆ ಈಜು ಬರಲ್ಲ, ಬರಬಹುದಾ?

ಬನ್ನಿ. ಲೈಫ್ ಜಾಕೆಟ್ ಹಾಕಿ, ಪಟ್ಟಿ ಬಿಗಿಯಾಗಿ ಕಟ್ಟಿಕೊಳ್ಳಿ, ದೋಣಿಯಲ್ಲಿ ಎದ್ದು ನಿಲ್ಲಬೇಡಿ. ಈಜು ಬರುವವರಿಗೂ ಇದೇ ಮಾತು. ಜಾಕೆಟ್ ಇಲ್ಲದ ದೋಣಿಗೆ ನಾನು ಹತ್ತುವುದಿಲ್ಲ.

ಎಂಜಿನ್ ದೋಣಿಯಲ್ಲಿ ಒಂದು ಗಂಟೆಗೆ ಎಲ್ಲಾ ತೋರಿಸ್ತಾರೆ. ಹುಟ್ಟು ಹಾಕ್ಕೊಂಡು ಯಾಕೆ ಹೋಗ್ಬೇಕು?

ತದಡಿಯಿಂದ ಮೀನಿಗೆ ಹೋಗುವವರಿಗೆ ಎಂಜಿನ್ ಬೇಕೇ ಬೇಕು. ಅದು ಅವರ ದುಡಿಮೆ. ಆದರೆ ನೋಡಲು ಬಂದವರಿಗೆ ಎಂಜಿನ್ ಅರ್ಧ ಅಳಿವೆಯನ್ನು ಮುಚ್ಚಿಬಿಡುತ್ತದೆ. ಆ ಸದ್ದಿಗೆ ಬೆಳ್ಳಕ್ಕಿಗಳು ನಾವು ಹತ್ತಿರ ಹೋಗುವ ಮೊದಲೇ ಎದ್ದು ಹೋಗುತ್ತವೆ. ಹುಟ್ಟಿನ ದೋಣಿ ಗಂಟೆಗೆ 3–4 ಕಿ.ಮೀ. ಹೋಗುತ್ತದೆ, ಅಂದರೆ ನಮ್ಮ ನಡಿಗೆಯಷ್ಟು. ಬಲೆಯ ಗೂಟದ ಮೇಲೆ ಕೂತ ಮಿಂಚುಳ್ಳಿಯ ಪಕ್ಕದಲ್ಲೇ ಹಾದರೂ ಅದು ಒಂದು ಸಲ ತಲೆ ತಿರುಗಿಸಿ ನೋಡಿ ಸುಮ್ನಾಗುತ್ತದೆ.

ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಒಳಗೊಳಗೆ ಹೋಗುವ ಕಾಲುವೆಗಳಿವೆ. ಕೆಲವು ಕಡೆ ಕೈ ಚಾಚಿದರೆ ಎರಡೂ ಕಡೆ ಎಲೆ ಸಿಗುವಷ್ಟು ಇಕ್ಕಟ್ಟು. ಅಲ್ಲಿ ಪಾತಿ ಎಂಬ ಸಣ್ಣ ದೋಣಿ, ಅದನ್ನು ತಳ್ಳುವ ಉದ್ದ ಕೋಲು ಅಂದರೆ ಗಳ, ಎರಡೇ ನಡೆಯುತ್ತವೆ. ಇನ್ನೊಂದು ವಿಷಯ ಅಲೆಯದು. ವೇಗದ ದೋಣಿ ಎಬ್ಬಿಸುವ ಅಲೆ ಮಣ್ಣಿನ ಕಟ್ಟೆಗಳನ್ನು ಕೊರೆಯುತ್ತದೆ, ಎದೆಮಟ್ಟ ನೀರಲ್ಲಿ ನಿಂತು ಕೆಲಸ ಮಾಡುವವರ ಕಾಲು ತಪ್ಪಿಸುತ್ತದೆ. ನಿಧಾನವಾಗಿ ಹೋದರೆ ಅವರು ತಲೆ ಎತ್ತಿ ಮಾತಾಡಿಸುತ್ತಾರೆ. ನನಗೆ ಗೊತ್ತಿರುವ ಅರ್ಧ ಸಂಗತಿ ಹಾಗೆ ಸಿಕ್ಕಿದ್ದು.

## ಹೊರಡುವ ಮೊದಲು

ಉಬ್ಬರ, ಇಳಿತದ ಹೊತ್ತು ಮನೆಯ ಕ್ಯಾಲೆಂಡರ್ ನೋಡಿ ಹೇಳೋಕಾಗುತ್ತಾ?

ಆಗುತ್ತದೆ! ಕ್ಯಾಲೆಂಡರ್‌ನಲ್ಲಿ ತಿಥಿ ಇದ್ದರೆ ಸಾಕು. ಉಬ್ಬರ ನಡೆಯುವುದು ಚಂದ್ರನ ಲೆಕ್ಕದಲ್ಲಿ, ತಿಥಿಯೂ ಅದೇ ಲೆಕ್ಕ. ಈ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ದಿನ ಅಳಿವೆ ಬಾಯಲ್ಲಿ ಸುಮಾರು ಬೆಳಿಗ್ಗೆ ಹನ್ನೊಂದರ ಆಚೀಚೆ ಉಬ್ಬರ ತುಂಬುತ್ತದೆ. ಆಮೇಲೆ ಒಂದೊಂದು ತಿಥಿಗೂ ಸುಮಾರು 50 ನಿಮಿಷ ಸೇರಿಸುತ್ತಾ ಹೋಗಿ. ಬಿದಿಗೆಗೆ ಹನ್ನೆರಡೂವರೆ ದಾಟುತ್ತದೆ. ಪಂಚಮಿಗೆ ಮೂರು ಗಂಟೆ. ಅಷ್ಟಮಿ ಹೊತ್ತಿಗೆ ಉಬ್ಬರ ಸಂಜೆಗೆ ಹೋಗಿ, ಹನ್ನೊಂದೂವರೆಗೆ ಇಳಿತ ಇರುತ್ತದೆ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಕೊಂಕಣಿ ಮಾತಾಡುವವರು ಇವನ್ನೇ ಭರ್ತಿ, ಸುಕ್ತಿ ಅನ್ನುತ್ತಾರೆ.

ಇದು ಅಂದಾಜಿನ ಲೆಕ್ಕ. ಗಾಳಿ, ಮಳೆ ಅದನ್ನು ಹಿಂದೆಮುಂದೆ ಮಾಡುತ್ತವೆ. ನದಿಯಲ್ಲಿ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ಒಂದೇ ದಿನದ ಎರಡು ಉಬ್ಬರ ಒಂದೇ ಎತ್ತರ ಇರುವುದೂ ಇಲ್ಲ. ನಿಖರ ಹೊತ್ತು ಬೇಕಾದರೆ ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಹೊರತರುವ ಉಬ್ಬರದ ಪಟ್ಟಿ ಇದೆ.

ಈಗ ಲಾಭದ ಮಾತು. ಅಮಾವಾಸ್ಯೆ ಅಥವಾ ಹುಣ್ಣಿಮೆ ಆದ ಮೇಲೆ ಪಾಡ್ಯ, ಬಿದಿಗೆ, ತದಿಗೆ ನೋಡಿ ಬನ್ನಿ. ಬೆಳಿಗ್ಗೆ ಆರೇಳಕ್ಕೆ ಇಳಿತ ಮುಗಿದು ನೀರು ಒಳಗೆ ತಿರುಗುತ್ತದೆ. ಅದರ ಬೆನ್ನೇರಿದರೆ ಹುಟ್ಟು ಬರೀ ದಿಕ್ಕು ತಿದ್ದಲು ಬೇಕು. ಮಧ್ಯಾಹ್ನ ಉಬ್ಬರ ನಿಂತಾಗ ಊಟ. ಆಮೇಲೆ ಅದೇ ನೀರು ವಾಪಸ್ ತಂದು ಬಿಡುತ್ತದೆ.

ಎಲ್ಲಿಂದ ಹತ್ತಬೇಕು?

ಗೋಕರ್ಣದಿಂದ ಬರುವವರಿಗೆ ತದಡಿ ಹತ್ತಿರ. ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿ ಇದೆ. ಮೊದಲು ಅದರಲ್ಲೇ ಒಂದು ಸಲ ಹೋಗಿ ಬನ್ನಿ. ಅಳಿವೆಯ ಅಗಲ ಅಂದಾಜಾಗುತ್ತದೆ. ಹುಟ್ಟಿನ ದೋಣಿಗೆ ಊರಿನವರ ಹತ್ತಿರ ಹಿಂದಿನ ದಿನವೇ ಮಾತಾಡಿ, ಎಷ್ಟು ಹೊತ್ತು, ಎಷ್ಟು ಕೊಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಒಳಗಿನ ಕಡೆ ನೋಡಬೇಕು ಅನ್ನುವವರು ಮಿರ್ಜಾನ್‌ಗೆ ಹೋಗಿ. ಅಲ್ಲಿನ ಕೋಟೆ ನೋಡಿದರೆ ಒಂದು ಕಾಲದಲ್ಲಿ ಮೆಣಸು ಹೊತ್ತ ದೋಣಿಗಳು ಈ ನೀರಲ್ಲೇ ಕಡಲಿಗೆ ಇಳಿದದ್ದು ಕಣ್ಣಿಗೆ ಕಟ್ಟುತ್ತದೆ.

ಏನೇನು ಒಯ್ಯಬೇಕು?

ಕುಡಿಯುವ ನೀರು, ಟೋಪಿ, ಒಂದು ಹತ್ತಿ ಟವೆಲ್, ಕೆಸರಾದರೂ ಬೇಜಾರಾಗದ ಬಟ್ಟೆ. ಮೊಬೈಲಿಗೆ ನೀರು ಹೋಗದ ಚೀಲ. ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೇದು. ಕೆಸರಲ್ಲಿ ಹೂತ ಸಿಂಪಿಗಳ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ನೀರು ಇಳಿದು ದೋಣಿ ಕೆಸರಲ್ಲಿ ಕೂತರೆ ಏನ್ಮಾಡೋದು?

ಕಾಯುವುದು. ಇಳಿದು ತಳ್ಳಲು ಹೋಗಬೇಡಿ, ಕಾಲು ತೊಡೆವರೆಗೆ ಹೂತುಹೋಗುತ್ತದೆ.

ಒಂದು ಡಿಸೆಂಬರ್‌ನಲ್ಲಿ ಐಗಳಕುರ್ವೆಯ ಹತ್ತಿರ ನಮ್ಮ ದೋಣಿ ಹಾಗೇ ಕೂತಿತು. ಇನ್ನೂ ಸ್ವಲ್ಪ ಒಳಗೆ ಹೋಗೋಣ ಅಂತ ಹಟ ಮಾಡಿದವನು ನಾನೇ. ನನಗೆ ಬಸ್ಸಿನ ಚಿಂತೆ. ದೋಣಿಯ ಅಣ್ಣ ಗಳವನ್ನು ಕೆಸರಿಗೆ ಊರಿ, ಹಗ್ಗ ಸುತ್ತಿ, ಕವಳದ ಸಂಚಿ ಬಿಚ್ಚಿದರು. "ಗಡಿಬಿಡಿ ಬೇಡ ಮಾರಾಯ್ರೇ, ಹೋದ ನೀರು ಬರ್ತದೆ" ಅಂದರು.

ಹತ್ತು ನಿಮಿಷ ಆದ ಮೇಲೆ ಕೆಸರು ಮಾತಾಡಲು ಶುರು ಮಾಡಿತು. ಚಿಟ್, ಚಿಟ್ ಅಂತ ಎಲ್ಲಾ ಕಡೆಯಿಂದ ಸಣ್ಣ ಸದ್ದು. ಸಾವಿರಾರು ತೂತು, ಒಂದೊಂದರಲ್ಲೂ ಗುಳ್ಳೆ ಒಡೆಯುತ್ತಿತ್ತು. ನಾವು ಅಲ್ಲಾಡದೆ ಕೂತದ್ದಕ್ಕೆ ಏಡಿಗಳು ಹೊರಗೆ ಬಂದವು, ಹೆಬ್ಬೆರಳಿನ ಉಗುರಿನಷ್ಟು ಗಾತ್ರ. ಗಂಡು ಏಡಿಗೆ ಒಂದು ಕೊಂಡಿ ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಯಾರನ್ನೋ ಕರೆದ ಹಾಗೆ ಬೀಸುತ್ತಿತ್ತು. ಅವುಗಳ ನಡುವೆ ಕೆಸರಲ್ಲೇ ಕುಪ್ಪಳಿಸುವ ಮೀನುಗಳು, ಕಣ್ಣು ತಲೆಯ ಮೇಲೆ. ಸುಮಾರು ಎರಡು ಗಂಟೆ ಆದ ಮೇಲೆ ದೂರದ ಕೆಸರಿನ ಬಣ್ಣ ಬದಲಾಯಿತು. ಬೆರಳಗಲ ನೀರು ಸದ್ದಿಲ್ಲದೆ ಬಂದು ಒಂದೊಂದೇ ತೂತು ಮುಚ್ಚಿತು. ಏಡಿಗಳು ಒಳಗೆ ಹೋಗಿ ಬಾಗಿಲಿಗೆ ಮಣ್ಣುಂಡೆ ಇಟ್ಟುಕೊಂಡವು. ಬಸ್ಸು ತಪ್ಪಿತು. ಆ ದಿನ ನೋಡಿದಷ್ಟು ಹತ್ತಿರದಿಂದ ಅಳಿವೆಯನ್ನು ನಾನು ಮತ್ತೆ ನೋಡಿಲ್ಲ.

ಅಳಿವೆ ಬಾಯಿ ದಾಟಿ ಹೊರಗೆ ಹೋಗಬಹುದಾ? ಡಾಲ್ಫಿನ್ ನೋಡ್ಬೇಕಿತ್ತು.

ಸಣ್ಣ ದೋಣಿಯಲ್ಲಿ ಖಂಡಿತ ಬೇಡ. ಬಾಯಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಕಡಲ ಅಲೆ ಬಂದರೆ ಆ ದಿಬ್ಬದ ಮೇಲೆ ಅಲೆ ಗೋಡೆಯ ಹಾಗೆ ಎದ್ದು ಮುರಿಯುತ್ತದೆ. ಒಳಗಿನಿಂದ ನೋಡುವವರಿಗೆ ಅದರ ಬೆನ್ನು ಮಾತ್ರ ಕಾಣುವುದರಿಂದ ಎತ್ತರ ಗೊತ್ತಾಗುವುದಿಲ್ಲ. ಡಾಲ್ಫಿನ್‌ಗೆ ನಮ್ಮಲ್ಲಿ ಹಂದಿಮೀನು ಅನ್ನುತ್ತಾರೆ. ಮೀನಿನ ಹಿಂದೆ ಅವು ಕೆಲವೊಮ್ಮೆ ಬಾಯಿಯ ಹತ್ತಿರ ತಾವೇ ಬರುತ್ತವೆ. ಅಘನಾಶಿನಿ ಊರಿನ ಕಡೆಯ ಎತ್ತರದ ದಡದಲ್ಲಿ ಬೆಳಿಗ್ಗೆ ಸುಮ್ನೆ ಕೂತು ನೋಡಿ.

## ನೋಡುವಾಗ ಏಳುವ ಪ್ರಶ್ನೆಗಳು

ಈ ಗಿಡಗಳ ಬೇರು ಯಾಕೆ ಮಣ್ಣಿಂದ ಹೊರಗೆ ಇದೆ?

ಅಳಿವೆಯ ಕೆಸರಲ್ಲಿ ಗಾಳಿ ಇಲ್ಲ. ಬೇರಿಗೂ ಉಸಿರು ಬೇಕಲ್ವಾ? ಒಂದೊಂದು ಜಾತಿ ಒಂದೊಂದು ದಾರಿ ಕಂಡುಕೊಂಡಿದೆ. ಕೆಂಪು ಕಾಂಡ್ಲಾ ಕಾಂಡದಿಂದಲೇ ಕಮಾನಿನ ಹಾಗೆ ಬೇರು ಬಿಟ್ಟು ನಿಲ್ಲುತ್ತದೆ. ಉಪ್ಪಟ್ಟಿ ಗಿಡ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಸಾಲು ಬೇರು ಮೇಲೆತ್ತುತ್ತದೆ. ಬಿಸಿಲು ಏರಿದ ಮೇಲೆ ಉಪ್ಪಟ್ಟಿಯ ಒಂದು ಎಲೆಗೆ ನಾಲಿಗೆ ತಾಗಿಸಿ ನೋಡಿ, ಉಪ್ಪುಪ್ಪು. ಒಳಗೆ ಬಂದ ಉಪ್ಪನ್ನು ಅದು ಎಲೆಯಿಂದಲೇ ಹೊರಗೆ ಹಾಕುತ್ತದೆ.

ಕೆಂಪು ಕಾಂಡ್ಲಾದಲ್ಲಿ ನುಗ್ಗೆಕಾಯಿಯ ಹಾಗೆ ಜೋತಾಡುವುದು ಕಾಯಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಮೊಳಕೆ. ಬೀಜ ಮರದಲ್ಲೇ ಮೊಳೆತು, ಉದ್ದವಾಗಿ, ಆಮೇಲೆ ಉದುರುತ್ತದೆ. ಇಳಿತದಲ್ಲಿ ಉದುರಿದರೆ ಅಲ್ಲೇ ಕೆಸರಿಗೆ ನೆಟ್ಟುಕೊಳ್ಳುತ್ತದೆ. ಉಬ್ಬರದಲ್ಲಿ ಉದುರಿದರೆ ತೇಲಿ ಬೇರೆ ದಂಡೆ ಹುಡುಕುತ್ತದೆ.

ನೀರಲ್ಲಿ ನಿಂತು ಅಷ್ಟೊಂದು ಜನ ಏನು ಹುಡುಕ್ತಾರೆ? ನಾವೂ ಒಂದಿಷ್ಟು ಹೆಕ್ಕಬಹುದಾ?

ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ. ತುಳುನಾಡಿನಲ್ಲಿ ಅದೇ ಮರುವಾಯಿ. ಇಳಿತ ಶುರುವಾದ ಕೂಡಲೇ ಸುತ್ತಲಿನ ಊರುಗಳ ಗಂಡಸರು, ಹೆಂಗಸರು ದೋಣಿಯಲ್ಲಿ ಮರಳು ದಿಬ್ಬಗಳಿಗೆ ಬರುತ್ತಾರೆ. ಕಾಲ ಬೆರಳಲ್ಲಿ ತಡಕುತ್ತಾರೆ, ಮುಳುಗಿ ಕೈಯಲ್ಲಿ ಬಾಚುತ್ತಾರೆ. ಉಬ್ಬರ ತಿರುಗುವ ಹೊತ್ತಿಗೆ ದೋಣಿ ತುಂಬಬೇಕು. ಅಲ್ಲಿ ಕಳೆಯುವ ಗಂಟೆಗಳೇ ಅವರ ಸಂಬಳ.

ಹಾಗಾಗಿ ಹೆಕ್ಕುವ ಆಟ ಬೇಡ ಅನ್ನುವುದು ನನ್ನ ಮಾತು. ಅಕ್ಕಂದಿರ ಹತ್ತಿರ ದುಡ್ಡು ಕೊಟ್ಟು ತಗೊಳ್ಳಿ. ಸ್ವಲ್ಪ ಹೊತ್ತು ಉಪ್ಪುನೀರಲ್ಲೇ ಇಟ್ಟರೆ ಮರಳು ಬಿಡುತ್ತವೆ. ಆಮೇಲೆ ಬೇಯಿಸಿ, ಬಾಯಿ ಬಿಡದವನ್ನು ಎಸೆದು, ತೆಂಗಿನಕಾಯಿ ಮಸಾಲೆ ಹಾಕಿ ಸುಕ್ಕಾ ಮಾಡಿ. ಫೋಟೊ ತೆಗೆಯುವ ಮೊದಲು ಕೇಳಿ. ಒದ್ದೆ ಬಟ್ಟೆಯಲ್ಲಿ ಕೆಲಸ ಮಾಡುತ್ತಿರುವವರ ಮುಂದೆ ಏಕಾಏಕಿ ಕ್ಯಾಮೆರಾ ಎತ್ತುವುದು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಕಟ್ಟೆಯ ಆಚೆ ಭತ್ತ ಇದೆಯಲ್ಲ! ಉಪ್ಪುನೀರಲ್ಲಿ ಭತ್ತ ಹೇಗೆ?

ಆ ಗದ್ದೆಗೆ ಗಜನಿ ಅನ್ನುತ್ತಾರೆ, ಭತ್ತಕ್ಕೆ ಕಗ್ಗ. ಅಳಿವೆಗಿಂತ ತಗ್ಗಿನ ನೆಲಕ್ಕೆ ಮಣ್ಣು, ಕಲ್ಲಿನ ಕಟ್ಟೆ ಕಟ್ಟಿ, ನೀರು ಬಿಡಲು, ತಡೆಯಲು ಮರದ ಬಾಗಿಲು ಇಟ್ಟಿರುತ್ತಾರೆ. ಜೂನ್‌ನ ಮಳೆ ಮಣ್ಣಿನ ಉಪ್ಪು ತೊಳೆಯುತ್ತದೆ. ಆಗ ಮೊಳಕೆ ಬರಿಸಿದ ಕಗ್ಗ ಬಿತ್ತುತ್ತಾರೆ. ಅದು ಎದೆಮಟ್ಟಕ್ಕೆ ಬೆಳೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ಸ್ವಲ್ಪ ಉಪ್ಪು ಹೊಕ್ಕರೂ ಸಾಯುವುದಿಲ್ಲ. ಗೊಬ್ಬರವನ್ನೂ ಬೇಡುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಕೊಯ್ಲು. ಕೊಯ್ದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡುತ್ತಾರೆ. ಅದರ ಜೊತೆ ಶೆಟ್ಲಿ, ಅಂದರೆ ಸೀಗಡಿ, ಮೀನುಮರಿ, ಏಡಿ ಬರುತ್ತವೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಅವಕ್ಕೆ ಆಹಾರ. ಮೇ ತನಕ ಮೀನು, ಮತ್ತೆ ಜೂನ್‌ಗೆ ಭತ್ತ.

ಒಬ್ಬರಿಂದ ಇದು ಆಗುವ ಕೆಲಸ ಅಲ್ಲ. ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಊರು ಸೇರಿ ಕಟ್ಟೆ ಕಾಯುವುದು ನಿಂತ ಕಡೆ, ಸೀಗಡಿ ಗುತ್ತಿಗೆ ಬಂದ ಕಡೆ ಕಗ್ಗ ಹೋಗಿಬಿಟ್ಟಿದೆ. ಮಾಣಿಕಟ್ಟಾದಂಥ ಊರಲ್ಲಿ ಇನ್ನೂ ಬಿತ್ತುವವರಿದ್ದಾರೆ. ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಕಟ್ಟೆಯ ಮೇಲೆ ನಡೆದು ನೋಡಿ. ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಉಬ್ಬರದ ನೀರು, ನಡುವೆ ನಿಮ್ಮ ಎರಡು ಕಾಲು.

ಸಾಣಿಕಟ್ಟಾ ಉಪ್ಪಿನಾಗರಕ್ಕೆ ದೋಣಿಯಲ್ಲೇ ಹೋಗಬಹುದಾ?

ಹತ್ತಿರದವರೆಗೆ ಹೋಗಿ ನಡೆಯಬೇಕು. ಉಪ್ಪು ಮಾಡುವುದು ಬೇಸಿಗೆಯಲ್ಲಿ. ಉಬ್ಬರದ ನೀರನ್ನು ಪಾತಿಯಿಂದ ಪಾತಿಗೆ ಹರಿಸಿ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯಲ್ಲಿ ಬಾಚಿ ಗುಡ್ಡೆ ಹಾಕುತ್ತಾರೆ. ಮಾರ್ಚ್ ಹೊತ್ತಿಗೆ ಬಂದರೆ ಗುಡ್ಡೆಗಳು ಕಾಣುತ್ತವೆ. ತುಳಿಯಬೇಡಿ, ಬದುವಿನ ಮೇಲೇ ನಡೆಯಿರಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ನಾವು ಅಮೆರಿಕದ ಜಾರ್ಜಿಯಾದಲ್ಲಿದ್ದೀವಿ. ಇಲ್ಲಿ ಕಡಲ ಪಕ್ಕ ಮೈಲುಗಟ್ಟಲೆ ಹುಲ್ಲುಗಾವಲು, ಅದಕ್ಕೆ ಸಾಲ್ಟ್ ಮಾರ್ಷ್ ಅಂತಾರೆ. ನಮ್ಮೂರಲ್ಲಿ ಯಾಕೆ ಇಲ್ಲ?

ಆ ಹುಲ್ಲು ಮಾಡುವ ಕೆಲಸವನ್ನು ನಮ್ಮಲ್ಲಿ ಕಾಂಡ್ಲಾ ಮಾಡುತ್ತದೆ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಏಳುವ ಕೆಸರು ಎರಡೂ ಕಡೆ ಒಂದೇ. ಆದರೆ ಹಿಮ ಬಿದ್ದರೆ ಕಾಂಡ್ಲಾ ಸಾಯುತ್ತದೆ. ಅದಕ್ಕೇ ಚಳಿಯ ದೇಶಗಳಲ್ಲಿ ಆ ಜಾಗವನ್ನು ಹುಲ್ಲು ಹಿಡಿದಿದೆ. ನಿಮ್ಮಲ್ಲಿರುವುದು ಸ್ಪಾರ್ಟಿನಾ. ನಮ್ಮ ಉಪ್ಪಟ್ಟಿಯ ಹಾಗೆ ಅದೂ ಎಲೆಯಿಂದ ಉಪ್ಪು ಹೊರಹಾಕುತ್ತದೆ. ನೀವು ದಕ್ಷಿಣಕ್ಕೆ ಫ್ಲೋರಿಡಾ ಕಡೆ ಹೋದರೆ ಹುಲ್ಲು ಮತ್ತು ಕಾಂಡ್ಲಾ ಒಂದೇ ದಂಡೆಯಲ್ಲಿ ಸಿಗುತ್ತವೆ.

ಸಪೆಲೊ, ಕಂಬರ್ಲೆಂಡ್‌ನಂಥ ನಿಮ್ಮ ದ್ವೀಪಗಳು ನಮ್ಮ ಬೆಂಗ್ರೆಯ ದೊಡ್ಡ ಅಣ್ಣಂದಿರು. ಕಡಲ ಹೊಡೆತವನ್ನು ತಾವು ತಿಂದು ಒಳಗಿನ ನೀರನ್ನು ಶಾಂತವಾಗಿ ಇಡುತ್ತವೆ. ಆ ಒಳದಾರಿಯಲ್ಲೂ ದೋಣಿಯವರು ಉಬ್ಬರ ನೋಡಿಯೇ ಹೊರಡುತ್ತಾರೆ. ಅಲ್ಲಿ ಉಬ್ಬರ 2 ಮೀಟರ್ ದಾಟುತ್ತದೆ, ನಮ್ಮದಕ್ಕಿಂತ ಜಾಸ್ತಿ.

ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಇನ್ನು ಮೀನು ಹಿಡಿಯೋ ಹಾಗಿಲ್ವಾ?

ಹಿಡಿಯಬಹುದು. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆಗಳ ಜೊತೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜವುಗು ನೆಲಗಳ ಆ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅದಕ್ಕೆ ಮೊದಲು ಕರ್ನಾಟಕದಿಂದ ರಂಗನತಿಟ್ಟು ಒಂದೇ ಇತ್ತು. ಜನರನ್ನು ಹೊರಗಿಟ್ಟು ಬೇಲಿ ಹಾಕಬೇಕು ಅಂತ ಆ ಪಟ್ಟಿ ಹೇಳುವುದಿಲ್ಲ. ಜವುಗು ನೆಲ ಹಾಳಾಗದ ಹಾಗೆ ಬಳಸಿ ಅನ್ನುತ್ತದೆ. ಇಲ್ಲಿನ ಬಳಚು, ಕಗ್ಗ, ಉಪ್ಪು ಎಲ್ಲವೂ ಅಂಥ ಬಳಕೆಯೇ.

ಅಷ್ಟು ಸಿಹಿನೀರು ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತಿದೆ ಅಂತಾರಲ್ಲ, ತಿರುಗಿಸಿದ್ರೆ ತಪ್ಪೇನು?

ಒಂದು ಬೆಳಿಗ್ಗೆ ದೋಣಿಯಲ್ಲಿ ಕೂತವರು ಈ ಮಾತನ್ನು ಸುಲಭಕ್ಕೆ ಒಪ್ಪಲಾರರು. ಬಳಚಿನ ಒಂದೊಂದು ಜಾತಿಗೂ ತನ್ನದೇ ಉಪ್ಪಿನ ಅಳತೆ ಇದೆ. ಬಾಯಿಯ ಹತ್ತಿರ ಒಂದು, ಒಳಗೆ ಇನ್ನೊಂದು. ಸಿಹಿನೀರು ಕಡಿಮೆಯಾದರೆ ಉಪ್ಪು ಒಳಗೆ ಏರುತ್ತದೆ. ಗಜನಿಗೆ ಜೂನ್‌ನಲ್ಲಿ ತೊಳೆಯುವ ನೀರು ಬೇಕು. ಕಾಂಡ್ಲಾ ನಿಲ್ಲುವ ಮಣ್ಣು ಘಟ್ಟದಿಂದ ಬರಬೇಕು.

ಜಾಸ್ತಿಯಾದರೂ ಕಷ್ಟವೇ. ಪಕ್ಕದ ಶರಾವತಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುತ್ತದೆ. ಅಲ್ಲಿನ ಅಳಿವೆಯ ಉಪ್ಪು ಇಳಿದು ಬಳಚು ಸೊರಗಿತು. ಎರಡು ನದಿಗಳ ಬಾಯಿ ಒಂದೇ ಜಿಲ್ಲೆಯಲ್ಲಿದೆ, ಬೇಕಾದವರು ಒಂದೇ ದಿನ ಎರಡನ್ನೂ ನೋಡಿ ಬರಬಹುದು. ಅಘನಾಶಿನಿಯಲ್ಲಿ ಇನ್ನೂ ಕಾಲಕ್ಕೆ ತಕ್ಕ ಸಿಹಿ, ಕಾಲಕ್ಕೆ ತಕ್ಕ ಉಪ್ಪು ಇದೆ. ತಡೆಯಿಲ್ಲದೆ ಹರಿಯುವುದಕ್ಕೇ ಅದು ಉಳಿದಿದೆ.

ಉಪ್ಪು ಎಲ್ಲಿವರೆಗೆ ಏರುತ್ತೆ ಅಂತ ದೋಣಿಯಲ್ಲೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಇದು ನನಗೆ ಬಹಳ ಇಷ್ಟದ ಪಯಣ. ಬೇಸಿಗೆ ಶುರುವಿನಲ್ಲಿ, ತದಿಗೆಯ ಉಬ್ಬರ ಹಿಡಿದು ಮಿರ್ಜಾನ್ ಕಡೆಯಿಂದ ಮೇಲಕ್ಕೆ ಹೊರಡಿ. ಹೆದ್ದಾರಿ ಸೇತುವೆಯ ಕಂಬಗಳನ್ನು ನೋಡಿ, ಉಬ್ಬರದ ಗುರುತಿನ ಕೆಳಗೆ ಸಿಂಪಿ ಅಂಟಿರುತ್ತದೆ. ಮೇಲೆ ಹೋದ ಹಾಗೆ ಕಲ್ಲುಗಳ ಮೇಲಿನ ಸಿಂಪಿ ವಿರಳವಾಗುತ್ತದೆ. ದಂಡೆಯಲ್ಲಿ ಕಾಂಡ್ಲಾ ತೆಳುವಾಗಿ, ಹೊಳೆಚುಳ್ಳಿಯ ಮುಳ್ಳೆಲೆ ಮುಂದೆ ಬರುತ್ತದೆ. ಆಮೇಲೆ ತೆಂಗು, ಅಡಿಕೆ. ಅರ್ಧ ಗಂಟೆಗೊಮ್ಮೆ ಬೆರಳು ಅದ್ದಿ ನಾಲಿಗೆಗೆ ತಾಗಿಸಿ ಉಗುಳಿ. ಹುಟ್ಟು ಹಾಕುವ ಅಣ್ಣನ ಹತ್ತಿರ ಕೇಳಿದರೆ ಅವರು ಬೆರಳನ್ನೂ ಅದ್ದುವುದಿಲ್ಲ, ನೊರೆ ನೋಡಿ ಹೇಳುತ್ತಾರೆ.

ಮುಂದೆ ಸಿಗುವ ಊರಿನ ಹೆಸರು ಉಪ್ಪಿನಪಟ್ಟಣ. ಉಬ್ಬರದ ಏರಿಳಿತ ಅದರ ಸುತ್ತಮುತ್ತಲೇ ಮುಗಿಯುತ್ತದೆ. ಅಲ್ಲಿ ದೋಣಿ ನಿಲ್ಲಿಸಿ, ನೀರು ಹಿಂದೆ ತಿರುಗುವವರೆಗೆ ಬುತ್ತಿ ಬಿಚ್ಚಿ.